ಕೈ ಮಾತ್ರ ಕಂಡಿದ್ದ ಗೆಳೆಯರು: ಲಂಡನ್ನಿನಿಂದ ಲೂಯಿಸ್ ದ್ವೀಪದವರೆಗೆ

2020ರ ಲಾಕ್‌ಡೌನ್‌ನಲ್ಲಿ ಕೈಗೆ ಏನಾದರೂ ಕೆಲಸ ಬೇಕು ಅಂತ ಶುರುವಾದ ನಮ್ಮ ಆನ್‌ಲೈನ್ ಹೆಣಿಗೆ ಬಳಗ ಇನ್ನೂ ನಡೆದಿದೆ. ಪ್ರತಿ ಶನಿವಾರ ವಿಡಿಯೊ ಕರೆ. ಬೇಸಿಗೆಯಲ್ಲಿ ಅವರಿಗೆ ಸಂಜೆ ನಾಲ್ಕು, ಧಾರವಾಡದಲ್ಲಿ ನನಗೆ ರಾತ್ರಿ ಎಂಟೂವರೆ. ಕೆಲವರು ಕಡ್ಡಿ ಹಿಡಿದು ಉಲ್ಲನ್ ಹೆಣೆಯುತ್ತಾರೆ, ಕೆಲವರದು ಕ್ರೋಶಾ, ನನ್ನದು ಕಸೂತಿ. ಕ್ಯಾಮೆರಾ ಎಲ್ಲರದೂ ಕೆಳಗೆ, ಕೈ ಕಡೆ. ಹೊಲಿಗೆ ಕಾಣಬೇಕಲ್ಲ! ಹೀಗಾಗಿ ಇಷ್ಟು ವರ್ಷ ಮಾತಾಡಿದರೂ ಯಾರ ಮುಖವೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಯಾರ ಹೆಬ್ಬೆರಳಿನ ಉಗುರು ಸೀಳಿದೆ, ಯಾರು ಎಡಚರು, ಯಾರ ಮಣಿಕಟ್ಟಿನ ಮೇಲೆ ಸುಟ್ಟ ಕಲೆ ಇದೆ, ಅದೆಲ್ಲ ಬಾಯಿಪಾಠ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಇವರನ್ನೆಲ್ಲ ಒಮ್ಮೆ ನೋಡಿ ಬರಬೇಕು ಅನ್ನಿಸಿತು. "ಮುಖಾನೇ ನೋಡದವರ ಊರಿಗೆ ಒಬ್ಬಾಕೇನೇ ಹೋಗ್ತೀಯಾ ಅವ್ವಾ?" ಅಂತ ಮಗ ತಕರಾರು ತೆಗೆದ. ಅವನ ಸಮಾಧಾನಕ್ಕೆ ಎರಡು ನಿಯಮ ಒಪ್ಪಿಕೊಂಡೆ. ಮೊದಲ ಭೇಟಿ ಯಾವಾಗಲೂ ಜನ ಇರುವ ಜಾಗದಲ್ಲಿ. ರಾತ್ರಿ ಮಲಗುವುದು ನಾನೇ ದುಡ್ಡು ಕೊಟ್ಟು ಹಿಡಿದ ಕೋಣೆಯಲ್ಲಿ. ಎರಡನೆಯದನ್ನು ಕೊನೆಯ ಊರಿನಲ್ಲಿ ಮುರಿದೆ, ಅದು ಆಮೇಲೆ.

ಗೆಳೆಯರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಸೊಸೆಯಂದಿರನ್ನು ತವರೂರಿನ ಹೆಸರಲ್ಲಿ ಕರೆಯುವ ಹಾಗೆ ಇವರನ್ನೂ ಊರಿನ ಮೇಲೆ ಕರೆಯುತ್ತೇನೆ.

ಉಡುಗೊರೆ ಏನು ಒಯ್ಯುವುದು? ಧಾರವಾಡದವಳು ಪೇಡೆ ಬಿಟ್ಟು ಹೋಗುವುದು ಅಂದರೆ ಕಷ್ಟ. ಆದರೆ ಭಾರತದಿಂದ ಹೋಗುವವರು ಹಾಲಿನ ಪದಾರ್ಥ ಬ್ರಿಟನ್ನಿಗೆ ಒಯ್ಯುವ ಹಾಗಿಲ್ಲ. ಶೇಂಗಾ ಚಟ್ನಿಪುಡಿ, ಕಸೂತಿ ಹಾಕಿದ ಚೌಕಗಳು, ಮತ್ತೆ ನಮ್ಮೂರ ಕಡೆಯ ಕುರುಬರ ಮನೆಯಲ್ಲಿ ಕೈಯಿಂದ ನೂತ ಕರಿ ಉಣ್ಣೆಯ ಎರಡು ಉಂಡೆ. ಇಷ್ಟಕ್ಕೇ ಸೂಟ್‌ಕೇಸ್ ಅರ್ಧ ತುಂಬಿತು.

ಸೋಮವಾರ, ಲಂಡನ್

ಹೀಥ್ರೂನಿಂದ ಎಲಿಜಬೆತ್ ಲೈನ್ ರೈಲು. ಟಿಕೆಟ್ ಕೊಳ್ಳುವ ಗೋಜಿಲ್ಲ. ಬ್ಯಾಂಕ್ ಕಾರ್ಡನ್ನು ಗೇಟಿಗೆ ಮುಟ್ಟಿಸಿ ಒಳಗೆ, ಮುಟ್ಟಿಸಿ ಹೊರಗೆ. ಕಿಂಗ್ಸ್ ಕ್ರಾಸ್ ಸ್ಟೇಷನ್ ಹತ್ತಿರ ಕೋಣೆ ಹಿಡಿದಿದ್ದೆ. ಚಿಕ್ಕದು. ಸೂಟ್‌ಕೇಸ್ ತೆರೆದರೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆದರೆ ಸೂಟ್‌ಕೇಸ್ ತೆರೆಯುವುದಿಲ್ಲ.

ನಿದ್ದೆ ತಡೆಯಲು ಸಂಜೆ ಥೇಮ್ಸ್ ದಂಡೆಗೆ ನಡೆದಾಡಲು ಹೋದೆ. ಲ್ಯಾಂಬೆತ್ ಕಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಹೊಳೆಯಾಚೆ ಪಾರ್ಲಿಮೆಂಟ್ ಕಾಣುತ್ತದೆ. ಓಡುವ ವ್ಯಾಯಾಮದವರು ಪ್ರತಿಮೆಯ ಕಟ್ಟೆಗೆ ಕಾಲಿಟ್ಟು ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದರು. ಕಾಯಕ ಅಂದವರು ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ ಅಂದುಕೊಂಡು ಸ್ವಲ್ಪ ಹೊತ್ತು ಕೂತು ಬಂದೆ.

ಮಂಗಳವಾರ, ಲಂಡನ್

ಮೊದಲ ಭೇಟಿ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಪ್ರವೇಶ ಉಚಿತ. ಬಾಗಿಲಲ್ಲಿ ನಿಂತು ಬರುವವರ ಮುಖ ನೋಡುವುದು ಬಿಟ್ಟು ಕೈ ನೋಡುತ್ತಿದ್ದೆ. ಬಲಗೈ ತೋರುಬೆರಳಿಗೆ ಚರ್ಮದ ಅಂಗುಸ್ತಾನ ಹಾಕಿಕೊಂಡೇ ಬಂದವರೊಬ್ಬರು ನೇರ ನನ್ನ ಹತ್ತಿರ ಬಂದು ನನ್ನ ಕೈ ನೋಡಿದರು. ಲಂಡನ್ನಿನವರೇ. ಎಪ್ಪತ್ತರ ಮೇಲಿನ ವಯಸ್ಸು. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಎತ್ತರ. ಕ್ಯಾಮೆರಾದಲ್ಲಿ ಎತ್ತರ ಎಲ್ಲಿ ಗೊತ್ತಾಗುತ್ತದೆ?

ಕಾಫಿ ಬರುವ ಮುಂಚೆಯೇ ಕಸೂತಿ ಚೌಕ ತೆಗೆದು ಕೊಟ್ಟೆ. ನಡುವೆ ತುಳಸಿಕಟ್ಟೆ, ಸುತ್ತ ಅಂಚು. ಅವರು ಎದುರುಬದಿ ನೋಡಲೇ ಇಲ್ಲ. ಕನ್ನಡಕ ಹಣೆಗೇರಿಸಿ, ಬಟ್ಟೆ ಮಗುಚಿ, ಹಿಂಬದಿಯನ್ನು ಮೂಗಿನ ಹತ್ತಿರ ಹಿಡಿದರು. ಹೊಲಿಯುವವರ ಬುದ್ಧಿ ಎಲ್ಲ ಕಡೆ ಒಂದೇ. ಸೊಸೆಯ ಕೆಲಸವನ್ನು ಅತ್ತೆ ನೋಡುವುದೂ ಹಿಂಬದಿಯಿಂದಲೇ ಅಲ್ವಾ?

"ಗಂಟು ಎಲ್ಲಿ?" ಅಂದರು.

"ಗಂಟು ಹಾಕೋ ಹಾಗಿಲ್ಲ" ಅಂದೆ.

ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದೆ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಎರಡೂ ಬದಿ ಒಂದೇ ಥರ ಕಾಣಬೇಕು. ಮುರ್ಗಿ ಅದೇ ಲೆಕ್ಕದ್ದು, ಮೆಟ್ಟಿಲಿನಂತೆ ಏರುತ್ತದೆ. ನೇಗಿ, ಮೆಂತೆ ಹೊಲಿಗೆಗಳು ಬೇರೆ. ಬಟ್ಟೆಯ ಮೇಲೆ ಗೆರೆ ಬರೆಯುವ ಪದ್ಧತಿ ಇಲ್ಲ, ಎಳೆ ಎಣಿಸಬೇಕು. ಅವರು ಮಾಡುವ ಬ್ಲ್ಯಾಕ್‌ವರ್ಕ್ ಕೂಡ ಎಳೆ ಎಣಿಸುವ ಕೆಲಸ. ಬಿಳಿ ಲಿನನ್ ಮೇಲೆ ಕರಿ ರೇಷ್ಮೆ. 16ನೇ ಶತಮಾನದಲ್ಲಿ ಎಂಟನೇ ಹೆನ್ರಿಯ ಆಸ್ಥಾನದವರು ಕಾಲರಿಗೆ, ತೋಳಿನ ತುದಿಗೆ ಇದನ್ನು ಹಾಕಿಸುತ್ತಿದ್ದರು. ಚಿತ್ರಕಾರ ಹೋಲ್ಬೈನ್ ಆ ಕಾಲರುಗಳನ್ನು ಎಷ್ಟು ನಿಖರವಾಗಿ ಬರೆದಿದ್ದಾನೆಂದರೆ ಹೊಲಿಗೆಗೆ ಅವನ ಹೆಸರೇ ನಿಂತಿದೆ. ಹೋಲ್ಬೈನ್ ಹೊಲಿಗೆ ಅಂದರೆ ನಮ್ಮ ಗವಂತಿಯೇ. ಯಾರಿಂದ ಯಾರು ಕಲಿತರು ಅನ್ನುವ ಚರ್ಚೆ ಶುರು ಮಾಡಿದೆ. "ಎಣಿಸೋಕೆ ಬರೋರು ಎಲ್ಲಾದರೂ ಕಂಡುಹಿಡೀತಾರೆ" ಅಂತ ಅವರು ಅದನ್ನು ಅಲ್ಲಿಗೇ ಮುಗಿಸಿದರು.

ಆಮೇಲೆ ಟಿಪ್ಪುವಿನ ಹುಲಿ ನೋಡಿದೆವು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಹೊತ್ತು ತಂದದ್ದು. ಮರದ ಹುಲಿ ಕೆಂಪು ಕೋಟಿನ ಬಿಳಿಯನ ಮೇಲೆ ಬಿದ್ದಿದೆ, ಹೊಟ್ಟೆಯೊಳಗೆ ಆರ್ಗನ್ ವಾದ್ಯ. ಒಂದು ಕಾಲಕ್ಕೆ ನೋಡಲು ಬಂದವರೇ ಹಿಡಿ ತಿರುಗಿಸಿ ಕೂಗಿಸುತ್ತಿದ್ದರಂತೆ. ಈಗ ಗಾಜಿನೊಳಗೆ ಸುಮ್ಮನಿದೆ. ಶಾಲೆ ಮಕ್ಕಳ ಗುಂಪೊಂದು ನಕ್ಕು ಮುಂದೆ ಹೋಯಿತು. ಲಂಡನ್ನಿನವರಿಗೆ ಸ್ವಲ್ಪ ಮುಜುಗರ ಆದದ್ದು ಕಂಡಿತು. ನನಗೆ ಮುಜುಗರಕ್ಕಿಂತ ಸಿಟ್ಟೇ ಬಂತು, ಆದರೆ ಅದು ಅವರ ಮೇಲಲ್ಲ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಂಡೆವು. ಹೇಳಿಕೊಂಡದ್ದು ಒಳ್ಳೇದೇ ಆಯಿತು.

ಬುಧವಾರ, ಸಾಲ್ಟೇರ್

ಕಿಂಗ್ಸ್ ಕ್ರಾಸ್‌ನಿಂದ ಲೀಡ್ಸ್‌ಗೆ ಎರಡೂ ಕಾಲು ಗಂಟೆಯ ದಾರಿ. ಹೊರಡಬೇಕಿದ್ದ ರೈಲು ಬೋರ್ಡಿನ ಮೇಲೆ ಸುಮ್ನೆ ಮಾಯವಾಯಿತು. ಇದು ಅಲ್ಲಿ ಹೊಸತಲ್ಲವಂತೆ, ಪಕ್ಕದಲ್ಲಿದ್ದ ಅಜ್ಜ ತಲೆ ಎತ್ತಿಯೂ ನೋಡದೆ ಪೇಪರ್ ಓದುತ್ತಿದ್ದರು. ಮುಂದಿನ ರೈಲಿನಲ್ಲಿ ಅದೇ ಟಿಕೆಟ್ ನಡೆಯಿತು. ಅಂದ ಹಾಗೆ, ಅರವತ್ತು ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ. ವಿದೇಶದವರೂ ಪಾಸ್‌ಪೋರ್ಟ್ ತೋರಿಸಿ ಕೊಳ್ಳಬಹುದು. ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ದೂರದ ಪ್ರಯಾಣ ಎರಡು ಮಾಡಿದರೆ ಕಾರ್ಡಿನ ದುಡ್ಡು ವಾಪಸ್ ಬಂದ ಹಾಗೆ. ಮುಂಗಡ ಟಿಕೆಟ್ ಇನ್ನೂ ಅಗ್ಗ, ಆದರೆ ಗೊತ್ತುಮಾಡಿದ ರೈಲಿನಲ್ಲೇ ಹೋಗಬೇಕು.

ಲೀಡ್ಸ್‌ನಿಂದ ಸಾಲ್ಟೇರ್‌ಗೆ ಲೋಕಲ್ ರೈಲಿನಲ್ಲಿ ಕಾಲು ಗಂಟೆ. ಪ್ಲಾಟ್‌ಫಾರ್ಮ್ ಮೇಲೆಯೇ ಬ್ರಾಡ್‌ಫರ್ಡಿನವರು ನಿಂತಿದ್ದರು. ನಿವೃತ್ತ ಬಸ್ ಡ್ರೈವರ್. ದಪ್ಪ ಬೆರಳು, ಸೀಳಿದ ಉಗುರು. ಆ ಬೆರಳಲ್ಲಿ ಮೊಮ್ಮಕ್ಕಳ ಕಾಲುಚೀಲ ಹೆಣೆಯುವುದನ್ನು ವರ್ಷಗಟ್ಟಲೆ ನೋಡಿದ್ದೆ. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಕಾಯುವಾಗ ಕಡ್ಡಿ ತೆಗೆಯುತ್ತಿದ್ದರಂತೆ. ಮೊದಮೊದಲು ಪ್ರಯಾಣಿಕರು ನಕ್ಕರು, ಆಮೇಲೆ ಅವರೇ ಉಣ್ಣೆ ತಂದುಕೊಡತೊಡಗಿದರು.

ಸಾಲ್ಟೇರ್ ಒಬ್ಬ ಮನುಷ್ಯ ಕಟ್ಟಿಸಿದ ಊರು. ಟೈಟಸ್ ಸಾಲ್ಟ್ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿ ಮಾಲೀಕ. ಯಾರಿಗೂ ಬೇಡವಾಗಿದ್ದ ಆಲ್ಪಕಾ ಉಣ್ಣೆಯಿಂದ ಹೊಳೆಯುವ ಬಟ್ಟೆ ಮಾಡಿ ಶ್ರೀಮಂತನಾದ. ಹೊಗೆ, ಕಾಲರಾ ತುಂಬಿದ ಬ್ರಾಡ್‌ಫರ್ಡ್ ಬಿಟ್ಟು ಐರ್ ನದಿಯ ದಂಡೆಯಲ್ಲಿ ದೊಡ್ಡ ಗಿರಣಿ ಕಟ್ಟಿ 1853ರಲ್ಲಿ ತೆರೆದ. ಸುತ್ತ ಕಾರ್ಮಿಕರಿಗೆ ಕಲ್ಲಿನ ಮನೆ, ಶಾಲೆ, ಆಸ್ಪತ್ರೆ, ಸ್ನಾನಗೃಹ, ಚರ್ಚು. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರು. ಹೆಂಡದಂಗಡಿ ಮಾತ್ರ ಬೇಡ ಅಂದ. ಗಿರಣಿ 1986ರಲ್ಲಿ ನಿಂತಿತು. ಈಗ ಒಳಗೆ ಡೇವಿಡ್ ಹಾಕ್ನಿಯ ಚಿತ್ರಗಳು, ಪುಸ್ತಕದಂಗಡಿ, ಊಟದ ಮನೆ. 2001ರಲ್ಲಿ ಊರಿಗೆ ಊರೇ ಯುನೆಸ್ಕೊ ಪಟ್ಟಿ ಸೇರಿತು. ಗಿರಣಿ ಮುಚ್ಚಿದ ಊರುಗಳನ್ನು ಹುಬ್ಬಳ್ಳಿ, ದಾವಣಗೆರೆ ಕಡೆಯವರು ಕಂಡವರೇ. ಕಟ್ಟಡ ಉಳಿಸಿಕೊಂಡರೆ ಅದು ಇನ್ನೊಂದು ನೂರು ವರ್ಷ ಊರಿಗೆ ದುಡಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

"ಕೆಲಸಗಾರರಿಗೆ ದೇವರಂಥ ಮನುಷ್ಯ" ಅಂದೆ. ಬ್ರಾಡ್‌ಫರ್ಡಿನವರು ಒಪ್ಪಲಿಲ್ಲ. "ಮನೆಯೂ ಅವನದು, ಕೆಲಸವೂ ಅವನದು. ಜಗಳ ಆಡಿದರೆ ಒಂದೇ ದಿನ ಎರಡೂ ಹೋಗೋದು." ಅವರ ಮುತ್ತಜ್ಜಿ ಇಲ್ಲಿ ನೂಲುತ್ತಿದ್ದವರು. ಹಾಗಾಗಿ ಅವರಿಗೆ ಆ ಮಾತಾಡುವ ಹಕ್ಕಿದೆ.

ಊಟಕ್ಕೆ ಮೀನು ಚಿಪ್ಸ್ ಅಂಗಡಿ. ನಾನು ಶಾಕಾಹಾರಿ, ಆಲೂ ಚಿಪ್ಸ್ ಸಾಕು ಅಂದೆ. ಅವರು ತಡೆದರು. ಯಾರ್ಕ್‌ಷೈರಿನ ಬಹಳ ಅಂಗಡಿಗಳಲ್ಲಿ ಕರಿಯುವುದೇ ದನದ ಕೊಬ್ಬಿನಲ್ಲಿ. ನನಗಾಗಿ ಮೊದಲೇ ಫೋನ್ ಮಾಡಿ ಎಣ್ಣೆಯಲ್ಲಿ ಕರಿಯುವ ಅಂಗಡಿ ಹುಡುಕಿ ಇಟ್ಟಿದ್ದರು. ಆ ಕಡೆ ಹೋಗುವ ಶಾಕಾಹಾರಿಗಳು ಇದನ್ನು ನೆನಪಿಡಿ. ಚಿಪ್ಸ್ ಮೇಲೆ ನಾನು ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ಅವರೂ ಕೈ ಚಾಚಿದರು. ಡಬ್ಬಿ ಅಲ್ಲಿಗೇ ಅರ್ಧ ಖಾಲಿ.

ಗುರುವಾರ, ರೈಲಿನಲ್ಲಿ

ಇವತ್ತು ಊರಿಗಿಂತ ದಾರಿಯೇ ಮುಖ್ಯ. ಸ್ಕಿಪ್ಟನ್‌ನಲ್ಲಿ ರೈಲು ಬದಲಿಸಿ ಸೆಟಲ್ ಕಾರ್ಲೈಲ್ ಮಾರ್ಗ ಹಿಡಿದೆ. ಎರಡೂ ಕಡೆ ಮರವಿಲ್ಲದ ಬೋಳು ಗುಡ್ಡ, ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ಎಲ್ಲಿ ನೋಡಿದರೂ ಕುರಿ. ರಿಬಲ್‌ಹೆಡ್ ಸೇತುವೆ ಬಂದಾಗ ಬೋಗಿಯಲ್ಲಿದ್ದವರೆಲ್ಲ ಒಂದೇ ಕಿಟಕಿಗೆ ಬಂದರು. 24 ಕಮಾನು, ಸುಮಾರು 400 ಮೀಟರ್ ಉದ್ದ. 1870ರ ದಶಕದಲ್ಲಿ ಕೂಲಿಗಳು ಗಾಳಿ ಮಳೆಯಲ್ಲಿ ಗುಡಿಸಲು ಹಾಕಿಕೊಂಡು ಕಟ್ಟಿದ್ದು. ಸಿಡುಬಿಗೆ, ಅಪಘಾತಕ್ಕೆ ಎಷ್ಟೋ ಜನ ಅಲ್ಲೇ ಮಣ್ಣಾದರು. 1980ರ ದಶಕದಲ್ಲಿ ಈ ಮಾರ್ಗವನ್ನೇ ಮುಚ್ಚಲು ಹೊರಟಿದ್ದರು. ಜನ ಸಹಿ ಸಂಗ್ರಹಿಸಿ, ಜಗಳ ಮಾಡಿ, 1989ರಲ್ಲಿ ಉಳಿಸಿಕೊಂಡರು. ಸೇತುವೆಯ ಮೇಲೆ ಹೋಗುವಾಗ ಸೇತುವೆ ಕಾಣುವುದಿಲ್ಲ ಅನ್ನುವುದೊಂದು ತಮಾಷೆ. ಅದನ್ನು ನೋಡಬೇಕಾದರೆ ಇಳಿದು ನಡೆಯಬೇಕು. ನಾನು ಇಳಿಯಲಿಲ್ಲ.

ಕಾರ್ಲೈಲ್‌ನಿಂದ ಪೆನ್ರಿತ್‌ಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಕೆಸ್ವಿಕ್. ಮಳೆ. ಕೋಣೆ. ನಿದ್ದೆ.

ಶುಕ್ರವಾರ, ಕೆಸ್ವಿಕ್ ಹತ್ತಿರ

ಕೆಸ್ವಿಕ್‌ನವರನ್ನು ಸಂತೆ ಬೀದಿಯ ಕಾಫಿ ಅಂಗಡಿಯಲ್ಲಿ ಭೇಟಿಯಾದೆ. ಮಣಿಕಟ್ಟಿನ ಮೇಲೆ ಸುಟ್ಟ ಕಲೆ ಇರುವವರು ಇವರೇ. ಕುರಿ ಸಾಕುವವರು, ನಲವತ್ತರ ಆಸುಪಾಸು. ಮಾತು ಕಡಿಮೆ. ಒಂದು ಕಪ್ ಚಹಾ ಕುಡಿದು, ಅರ್ಧ ಗಂಟೆ ನನ್ನನ್ನು ಅಳೆದು, "ಹೊಲಕ್ಕೆ ಬರ್ತೀರಾ?" ಅಂದರು. ಮಗನಿಗೆ ಜೀಪಿನ ನಂಬರ್ ಕಳಿಸಿ ಹತ್ತಿದೆ.

ಅವರದು ಹರ್ಡ್‌ವಿಕ್ ತಳಿ. ಮರಿ ಹುಟ್ಟುವಾಗ ಕಡುಕಪ್ಪು. ಬೆಳೆಯುತ್ತಾ ಮೈ ಕಂದಾಗಿ, ಬೂದಿ ಬಣ್ಣಕ್ಕೆ ತಿರುಗುತ್ತದೆ, ಮುಖ ಮಾತ್ರ ಬೆಳ್ಳಗೆ. ಮೇ ತಿಂಗಳು, ಹಾಗಾಗಿ ಬೂದಿ ಬಣ್ಣದ ತಾಯಿಯ ಹಿಂದೆ ಕಪ್ಪು ಮರಿಗಳು. ಗುಡ್ಡದ ಮೇಲೆ ಬೇಲಿ ಇಲ್ಲ. ತಾಯಿ ತನ್ನ ಗುಡ್ಡದ ಎಲ್ಲೆಯನ್ನು ಮರಿಗೆ ಕಲಿಸುತ್ತದೆ, ಅದು ತನ್ನ ಮರಿಗೆ. ಹಿಂಡು ತನ್ನ ಜಾಗ ಬಿಟ್ಟು ಹೋಗುವುದಿಲ್ಲ. 2001ರಲ್ಲಿ ಕಾಲುಬಾಯಿ ರೋಗ ಬಂದು ಲಕ್ಷಗಟ್ಟಲೆ ದನ ಕುರಿ ಕೊಂದಾಗ ಎಲ್ಲರ ಭಯ ಇದೇ ಆಗಿತ್ತು. ಹೊಸ ಕುರಿ ತಂದು ಬಿಡಬಹುದು, ಆದರೆ ಗುಡ್ಡ ಗೊತ್ತಿರುವ ಕುರಿ ಎಲ್ಲಿಂದ ತರುವುದು? ಈ ತಳಿ ಉಳಿಯಲು ಬೀಟ್ರಿಕ್ಸ್ ಪಾಟರ್ ಕೂಡ ಕಾರಣ. ಮೊಲದ ಕತೆ ಬರೆದ ಆಕೆಯೇ. ಬರವಣಿಗೆಯ ದುಡ್ಡಿನಲ್ಲಿ ಹೊಲ ಕೊಂಡು ಹರ್ಡ್‌ವಿಕ್ ಸಾಕಿದಳು. 1943ರಲ್ಲಿ ತೀರಿಕೊಂಡಾಗ 4 ಸಾವಿರ ಎಕರೆಗೂ ಹೆಚ್ಚು ಜಮೀನನ್ನು ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದಳು.

ಕೊಟ್ಟಿಗೆಯಲ್ಲಿ ಹಿಂದಿನ ವರ್ಷದ ಉಣ್ಣೆ ಚೀಲಗಟ್ಟಲೆ ಬಿದ್ದಿತ್ತು. ಕೊಳ್ಳುವವರಿಲ್ಲ. ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂದರು. ಒರಟು ಉಣ್ಣೆ, ಮೈಗೆ ಚುಚ್ಚುತ್ತದೆ, ಕಾರ್ಪೆಟ್ಟಿಗೆ ಮಾತ್ರ ಸರಿ. ನಾನು ಸೂಟ್‌ಕೇಸಿನಿಂದ ನಮ್ಮ ಕರಿ ಉಣ್ಣೆಯ ಉಂಡೆ ತೆಗೆದೆ. ಅವರು ಒಂದೆಳೆ ಬಿಡಿಸಿ, ಹುರಿ ಬಿಚ್ಚಿ, ತುಟಿಯ ಮೇಲೆ ಉಜ್ಜಿಕೊಂಡರು. ಚರ್ಮ ತೆಳ್ಳಗಿರುವ ಜಾಗ ಅದು, ಚುಚ್ಚುವುದು ಅಲ್ಲಿ ಬೇಗ ಗೊತ್ತಾಗುತ್ತದೆ. "ನಮ್ಮದಕ್ಕಿಂತ ಜೋರಾಗಿದೆ" ಅಂದರು. ಅವತ್ತು ಅವರು ನಕ್ಕಿದ್ದು ಆಗಲೇ ಮೊದಲು. ದಖನಿ ಕುರಿಯ ಉಣ್ಣೆಯೂ ಹೀಗೇ ರಸ್ತೆ ಬದಿಗೆ ಬೀಳುತ್ತಿದೆ, ಕಂಬಳಿ ಹೊದೆಯುವವರು ಕಡಿಮೆಯಾದರು ಅಂತ ಹೇಳಿದೆ. ಸಾಕುವವರಿಗೆ ಎರಡೂ ದೇಶದಲ್ಲಿ ಈಗ ದುಡ್ಡು ಬರುವುದು ಮಾಂಸದಿಂದ. ನಾವು ಶನಿವಾರ ಶನಿವಾರ ಕೂತು ಹೆಣೆಯುವುದು ಬಹಳಷ್ಟು ಮೆರಿನೊ ಕುರಿಯ ಮೆತ್ತನೆ ಉಣ್ಣೆ. ಅದೂ ಆಸ್ಟ್ರೇಲಿಯಾದ್ದು. ಇದನ್ನು ಅವರು ಹೇಳಲಿಲ್ಲ, ಆದರೆ ನನಗೆ ಕೇಳಿಸಿತು.

ಶನಿವಾರ, ಪೇಸ್ಲಿ

ಹಿಂದಿನ ಸಂಜೆ ಪೆನ್ರಿತ್‌ನಿಂದ ಗ್ಲಾಸ್ಗೋಗೆ ಬಂದಿದ್ದೆ. ಅಲ್ಲಿಂದ ಪೇಸ್ಲಿಗೆ ಹತ್ತು ಹನ್ನೆರಡು ನಿಮಿಷ. ಮಾವಿನಕಾಯಿ ಬುಟ್ಟಾ ಇರುವ ಶಾಲುಗಳಿಗೆ ಹೆಸರಾದ ಊರು. ಕಾಶ್ಮೀರದ ಶಾಲು ನೋಡಿ, ಅದನ್ನೇ ಅಗ್ಗಕ್ಕೆ ನೇಯ್ದು 19ನೇ ಶತಮಾನದಲ್ಲಿ ಯುರೋಪಿಗೆಲ್ಲ ಮಾರಿದರು. ಅದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನಾನು ಬಂದದ್ದು ಬೇರೆಯದಕ್ಕೆ.

ಕಸೂತಿ, ಕ್ರಾಸ್ ಸ್ಟಿಚ್ ಮಾಡುವ ಯಾರ ಮನೆಯಲ್ಲೂ ಲಂಗರದ ಚಿತ್ರ ಇರುವ ದಾರದ ಲಡಿ ಇರುತ್ತದೆ. ಆಂಕರ್ ದಾರ. 403 ಅಂದರೆ ಕಪ್ಪು, 1 ಅಂದರೆ ಬಿಳಿ. ಫ್ಯಾನ್ಸಿ ಸ್ಟೋರ್‌ನಲ್ಲಿ ಬಣ್ಣ ಹೇಳುವುದಿಲ್ಲ, ನಂಬರ್ ಹೇಳುತ್ತೇವೆ. ಆ ಲಂಗರು ಇಲ್ಲಿಯದು. ಪೇಸ್ಲಿಯ ಕ್ಲಾರ್ಕ್ ಮನೆತನದ ಆಂಕರ್ ಗಿರಣಿ. ಎದುರಾಳಿ ಕೋಟ್ಸ್ ಮನೆತನದ್ದು ಫರ್ಗಸ್ಲಿ ಗಿರಣಿ. 1896ರಲ್ಲಿ ಎರಡೂ ಸೇರಿ ಜಗತ್ತಿನ ದೊಡ್ಡ ದಾರದ ಕಂಪನಿ ಆಯಿತು. ನಮ್ಮ ದೇಶದ ದಾರದ ಕಂಪನಿ ಮದುರಾ ಕೋಟ್ಸ್ ಹೆಸರಿನ ಬಾಲ ಅಲ್ಲಿಂದ ಬಂದದ್ದು. 

ಪೇಸ್ಲಿಯವರು ಎಡಚರು. ಸ್ಟೇಷನ್ನಿನಲ್ಲಿ ಎಡಗೈ ಬೀಸಿದಾಗಲೇ ಗೊತ್ತಾಯಿತು. ಅವರ ಅಮ್ಮ, ಅಜ್ಜಿ ಇಬ್ಬರೂ ಗಿರಣಿ ಹುಡುಗಿಯರು. ಉಳಿದಿರುವ ಮೈಲ್ ಎಂಡ್ ಗಿರಣಿಯಲ್ಲಿ ಈಗ ಕಚೇರಿಗಳಿವೆ. ಒಂದು ಮೂಲೆಯಲ್ಲಿ ಸ್ವಯಂಸೇವಕರು ನಡೆಸುವ ಪುಟ್ಟ ಸಂಗ್ರಹಾಲಯ. ವಾರದಲ್ಲಿ ಕೆಲವೇ ದಿನ ತೆರೆದಿರುತ್ತದೆ. ಮರದ ರೀಲುಗಳು, ಲೇಬಲ್ಲುಗಳು, ಗಿರಣಿ ಬಿಟ್ಟಾಗ ಬೀದಿ ತುಂಬ ಹೆಂಗಸರು ನಡೆದು ಬರುವ ಫೋಟೊ. ನಾನು ಪರ್ಸಿನಿಂದ ಹುಬ್ಬಳ್ಳಿಯಲ್ಲಿ ಕೊಂಡ 403ರ ಲಡಿ ತೆಗೆದು ಮೇಜಿನ ಮೇಲಿಟ್ಟೆ. ಅಲ್ಲಿದ್ದ ಅಜ್ಜಿ ಲೇಬಲ್ ನೋಡಿ, ಇನ್ನೊಬ್ಬರನ್ನು ಕೂಗಿ ಕರೆದರು. ಆಮೇಲೆ ನನಗೆ ಹೊರಬರಲು ಒಂದು ಗಂಟೆ ಹಿಡಿಯಿತು. ಬೆಲೆ ಎಷ್ಟು, ಯಾರು ಕೊಳ್ಳುತ್ತಾರೆ, ಹುಡುಗಿಯರು ಈಗಲೂ ಕಲಿಯುತ್ತಾರಾ, ಒಂದೇ ಸಮ ಪ್ರಶ್ನೆ. ಗಿರಣಿ 1990ರ ದಶಕದಲ್ಲಿ ಮುಚ್ಚಿತು. ದಾರ ಇನ್ನೂ ಬದುಕಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಅದನ್ನು ಬಳಸುವ ಕೈ ನೋಡಿರಲಿಲ್ಲ.

ಸಂಜೆ ನಾಲ್ಕಕ್ಕೆ ಪೇಸ್ಲಿಯವರ ಅಡುಗೆಮನೆಯಲ್ಲಿ ಕೂತು ಕರೆಗೆ ಸೇರಿದೆವು. ಒಂದೇ ಚೌಕದಲ್ಲಿ ನಾಲ್ಕು ಕೈ. "ಇದು ಯಾರ ಕೈ?" ಅಂತ ಬ್ರಾಡ್‌ಫರ್ಡಿನವರು ಕೇಳಲೇ ಇಲ್ಲ. "ಚಟ್ನಿಪುಡಿ ಮುಗೀತು" ಅಂದರು.

ಭಾನುವಾರ, ಇನ್ವರ್ನೆಸ್

ಯಾರನ್ನೂ ಭೇಟಿಯಾಗದ ದಿನ. ಗ್ಲಾಸ್ಗೋದಿಂದ ಮೂರು ಗಂಟೆಗೂ ಜಾಸ್ತಿ ರೈಲು. ಡ್ರಮಾಕ್ಟರ್ ಕಣಿವೆಯಲ್ಲಿ ಹಳಿ 452 ಮೀಟರ್‌ಗೆ ಏರುತ್ತದೆ. ನಮ್ಮ ಘಟ್ಟಗಳನ್ನು ಕಂಡವರಿಗೆ ಇದೇನು ದೊಡ್ಡದು ಅನ್ನಿಸಬಹುದು, ಆದರೆ ಬ್ರಿಟನ್ನಿನ ಮುಖ್ಯ ರೈಲು ಮಾರ್ಗಗಳಲ್ಲಿ ಇದೇ ಎತ್ತರ. ನೆಸ್ ಹೊಳೆಯ ದಂಡೆಯಲ್ಲಿ ಬೆಂಚಿನ ಮೇಲೆ ಕೂತು ಬ್ರೆಡ್ ತಿಂದೆ. ರಾತ್ರಿ ಹತ್ತಾದರೂ ಬೆಳಕು. ಒಬ್ಬಳೇ ತಿರುಗುವುದರಲ್ಲಿ ನನಗೆ ಇಷ್ಟವಾದದ್ದು ಇಂಥ ದಿನ. ಯಾರಿಗೂ ಖುಷಿಯಾಗಿದೆ ಅಂತ ತೋರಿಸಬೇಕಾಗಿಲ್ಲ.

ಸೋಮವಾರ, ಲೂಯಿಸ್ ದ್ವೀಪ

ಇನ್ವರ್ನೆಸ್‌ನಿಂದ ಉಲ್ಲಪೂಲ್‌ಗೆ ಬಸ್ಸು, ಅಲ್ಲಿಂದ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ಬಂದರು ಸ್ಟೋರ್ನೊವೆಗೆ ಹಡಗು, ಎರಡೂವರೆ ಗಂಟೆಗೂ ಹೆಚ್ಚು. ಕಡಲು ಎದ್ದಿತ್ತು. ಶುಂಠಿ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತೆ.

ಲೂಯಿಸ್‌ನವರು ಬಂದರಿನಲ್ಲಿ ಕಾಯುತ್ತಿದ್ದರು. ನಮ್ಮ ಕರೆ ಭಾನುವಾರದ ಬದಲು ಶನಿವಾರ ಇರುವುದು ಇವರಿಂದಾಗಿ. ಇವರು ಭಾನುವಾರ ಕಡ್ಡಿ ಮುಟ್ಟುವುದಿಲ್ಲ. ಬಟ್ಟೆ ಒಣಹಾಕುವುದಿಲ್ಲ. ದ್ವೀಪದಲ್ಲಿ ಇಂಥವರು ಇನ್ನೂ ಬಹಳ ಇದ್ದಾರೆ. ಸ್ಟೋರ್ನೊವೆಯಿಂದ ಭಾನುವಾರ ಹಡಗು ಹೊರಟದ್ದೇ 2009ರ ಜುಲೈನಲ್ಲಿ, ಅದೂ ದೊಡ್ಡ ವಿರೋಧದ ನಡುವೆ. ಏಕಾದಶಿ, ಸೋಮವಾರ ಅಂತ ಬೆಳೆದ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ಅವರ ಮನೆಯಲ್ಲಿಯೇ ಉಳಿದೆ. ಬಂದರಿನಲ್ಲಿ ನನ್ನ ಸೂಟ್‌ಕೇಸ್ ಎತ್ತಿಕೊಂಡ ಮೇಲೆ ಹೋಟೆಲ್ ಅನ್ನುವ ಮಾತೇ ಅವರು ಕೇಳಿಸಿಕೊಳ್ಳಲಿಲ್ಲ.

ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇದೇ ಸ್ಟೋರ್ನೊವೆಯಲ್ಲಿ, 1754ರಲ್ಲಿ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಸರ್ವೆ ಮಾಡಿದವನು. ಸರ್ವೆಯ ಜೊತೆ ಊರೂರಿನ ಶಾಸನ, ಕೈಫಿಯತ್ತು (ಊರಿನ ಚರಿತ್ರೆಯ ದಾಖಲೆ) ಬರೆಸಿಕೊಂಡ. ಅವನಿಗೆ ಹಳಗನ್ನಡ ಶಾಸನ ಓದಿಕೊಟ್ಟವರು ಚಾಮರಾಜನಗರ ಕಡೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಅವನ ಚಿತ್ರಪಟದಲ್ಲಿ ಪಂಡಿತರೂ ನಿಂತಿದ್ದಾರೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂಡಿಯಾಕ್ಕೆ ಬರುವ ಮುಂಚೆ ಅವನು ಈ ಬಂದರಿನ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ. ಲೂಯಿಸ್‌ನವರಿಗೆ ಮೆಕೆಂಜಿ ಗೊತ್ತು, ಧರ್ಮಯ್ಯ ಗೊತ್ತಿರಲಿಲ್ಲ. ಹೇಳಿದೆ. ಹೆಸರನ್ನು ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆದುಕೊಂಡರು.

ಮಂಗಳವಾರ, ಮಗ್ಗದ ಕೋಣೆ

ಬೆಳಿಗ್ಗೆ ಕ್ಯಾಲನಿಶ್ ಕಲ್ಲುಗಳನ್ನು ನೋಡಿ ಬಂದೆವು. ಸುಮಾರು 5 ಸಾವಿರ ವರ್ಷ ಹಳೆಯವು. ಗಾಳಿಗೆ ನಿಲ್ಲಲಾಗದೆ ಬೇಗ ವಾಪಸಾದೆವು.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಮಗ್ಗ. ಹ್ಯಾಟರ್ಸ್ಲಿ ಕಂಪನಿಯ ಹಳೇ ಕಬ್ಬಿಣದ ಮಗ್ಗ. ಕರೆಂಟಿಲ್ಲ, ಎರಡೂ ಕಾಲಿನಿಂದ ತುಳಿಯುವುದು. ಒಂದೊಂದು ತುಳಿತಕ್ಕೂ ಹಾಸು, ಅಂದರೆ ಉದ್ದದ ಎಳೆ, ಮೇಲೆ ಕೆಳಗೆ ಬಾಯಿ ಬಿಡುತ್ತದೆ, ಲಾಳಿ ಫಟಾರನೆ ಆ ಬದಿಗೆ ಹಾರುತ್ತದೆ, ಹಣಿಗೆ ಬಂದು ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು, ಒತ್ತುತ್ತದೆ. ಇಳಕಲ್ಲಿನ ಗುಂಡಿಮಗ್ಗದ ಮುಂದೆ ಕೂತು ಬೆಳೆದವರಿಗೆ ಕಣ್ಣು ಮುಚ್ಚಿದರೂ ಏನಾಗುತ್ತಿದೆ ಅಂತ ತಿಳಿಯುತ್ತದೆ. ಸದ್ದು ಮಾತ್ರ ಅದರ ಹತ್ತರಷ್ಟು.

ಇಲ್ಲಿಯ ಉಣ್ಣೆ ಬಟ್ಟೆ ಹ್ಯಾರಿಸ್ ಟ್ವೀಡ್‌ಗೆ ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಯೇ ಇದೆ, 1993ರದು. ಉಣ್ಣೆಗೆ ಬಣ್ಣ ಹಾಕಿ ನೂಲುವುದು ಈ ದ್ವೀಪಗಳಲ್ಲೇ ಆಗಬೇಕು. ನೇಯುವುದು ದ್ವೀಪದವರ ಮನೆಯಲ್ಲೇ, ಕೈಮಗ್ಗದಲ್ಲೇ. ಪರೀಕ್ಷೆ ಮಾಡಿ ಗೋಳದ ಮುದ್ರೆ ಒತ್ತುತ್ತಾರೆ. ಮುದ್ರೆ ಇಲ್ಲದ್ದು ಹ್ಯಾರಿಸ್ ಟ್ವೀಡ್ ಅಲ್ಲ. ನಮ್ಮಲ್ಲೂ 1985ರಿಂದ ಕೈಮಗ್ಗಕ್ಕೆ ಮೀಸಲಾತಿ ಕಾಯ್ದೆ ಇದೆ. ಆದರೂ ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದು ಅಂತ ಮಾರುವುದನ್ನು ಸಂತೆಗೆ ಹೋದವರೆಲ್ಲ ಕಂಡಿದ್ದಾರೆ. ಕಾಯ್ದೆ ಬರೆಯುವುದು ದೊಡ್ಡದಲ್ಲ. ಒಂದೊಂದು ಥಾನನ್ನೂ ಬಿಚ್ಚಿ ನೋಡಿ ಮುದ್ರೆ ಒತ್ತುವವರು ಬೇಕು.

ಮಗ್ಗದ ಮೇಲೆ ಒಂದು ಥಾನು ಮುಗಿದು, ಹಾಸಿನ ತುದಿ ಒಂದು ಮೊಳದಷ್ಟು ಉಳಿದಿತ್ತು. ನನ್ನ ಕರಿ ಉಣ್ಣೆ ಕೇಳಿದರು. ಲಾಳಿಯ ಕದಿರಿಗೆ ಸುತ್ತಿ, ತುಳಿದರು. ಎಳೆ ದಪ್ಪ ಸಣ್ಣ ಇದ್ದದ್ದರಿಂದ ಲಾಳಿ ಎರಡು ಸಲ ಸಿಕ್ಕಿಕೊಂಡಿತು. ಆದರೂ ಒಂದು ಗೇಣು ಬಟ್ಟೆ ಬಂತು. ಬೂದಿ ಬಣ್ಣದ ಹಾಸಿನ ಮೇಲೆ ನಮ್ಮ ಕುರಿಯ ಕಪ್ಪು. ಚೆಂದ ಇತ್ತು. "ಇದಕ್ಕೆ ಮುದ್ರೆ ಸಿಗಲ್ಲ" ಅಂತ ಅವರೇ ಮೊದಲು ಹೇಳಿದರು. ಹೊಕ್ಕು ದ್ವೀಪದಲ್ಲಿ ನೂತದ್ದಲ್ಲವಲ್ಲ.

ಅವರಿಗೆ ಒಂದೇ ಕುತೂಹಲ. ಇಷ್ಟು ಜುಂಗು ಜುಂಗಾದ ಎಳೆಯನ್ನು ನಮ್ಮವರು ಹಾಸಿನ ಎಳೆಯಾಗಿ ಹೇಗೆ ಬಳಸುತ್ತಾರೆ, ಹರಿಯುವುದಿಲ್ಲವೇ? ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ ಅಂದೆ. ಎಷ್ಟು ಬೀಜಕ್ಕೆ ಎಷ್ಟು ನೀರು ಅಂದರು. ಅದು ನನಗೆ ಗೊತ್ತಿಲ್ಲ. ಅಲ್ಲಿ ಮಧ್ಯಾಹ್ನ ಮೂರು, ಊರಲ್ಲಿ ರಾತ್ರಿ ಏಳೂವರೆ. ಉಣ್ಣೆ ಕೊಟ್ಟ ಕಂಬಳಿ ಕಾಕಾಗೆ ವಿಡಿಯೊ ಕರೆ ಹಚ್ಚಿದೆ. ಕಾಕಾ ಮಗ್ಗವನ್ನು ಸುತ್ತ ತೋರಿಸು ಅಂದರು. ತುಳಿಯುವುದನ್ನು ನೋಡಿದರು. ಒಂದು ಮೀಟರ್‌ಗೆ ಎಷ್ಟು ಕೊಡುತ್ತಾರೆ ಅಂತ ಕೇಳಿ, ರೂಪಾಯಿ ಲೆಕ್ಕದಲ್ಲಿ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಮುದ್ರೆಯ ವಿಷಯ ಹೇಳಿದೆ.

"ಹಂಗಾದ್ರ ನಮ್ಮ ಕಂಬಳಿಗೂ ಒಂದು ಸಿಕ್ಕಾ ಹೊಡಸ್ರಿ ಅಕ್ಕಾರ."

"ಅದಕ್ಕ ಪಾರ್ಲಿಮೆಂಟಿಗೆ ಹೋಗಬೇಕಾಗ್ತದ ಕಾಕಾ."

"ಹೋಗೂಣಂತ. ಮೊದಲ ಬೀಜದ ಲೆಕ್ಕ ಬರಕೊಳ್ರಿ" ಅಂದು, ಹುರಿಯುವುದು ಎಷ್ಟು, ಸಿಪ್ಪೆ ತೆಗೆಯುವುದು ಹೇಗೆ, ಎಷ್ಟು ಹೊತ್ತು ನೆನೆಸಿ ಅರೆಯಬೇಕು ಅಂತ ಹೇಳತೊಡಗಿದರು. ಲೂಯಿಸ್‌ನವರು ಪೆನ್ಸಿಲ್ ಹುಡುಕಿಕೊಂಡು ಬಂದರು. ಇಲ್ಲಿ ಹುಣಸೆ ಬೀಜ ಎಲ್ಲಿ ಸಿಗುತ್ತದೆ ಅನ್ನುವುದನ್ನು ಆಮೇಲೆ ನೋಡಿಕೊಳ್ಳೋಣ ಅಂದರು.